ಯಾವುದಕ್ಕೂ ಮೆಂಬರಲ್ಲದ ಪಂಕಜಾಕ್ಷಿ

ಕಾಸರಗೋಡು ಜಿಲ್ಲೆಯಲ್ಲಿ ಹುಟ್ಟಿದವರು ಯಾವುದಾದರೊಂದಕ್ಕೆ ಮೆಂಬರಾಗದೆ ಸಾಯುವುದು ಸುಲಭವಲ್ಲ. ಓದು ಬಾರದವನೂ ಇಲ್ಲಿ ವಾಚನಾಲಯಕ್ಕೆ ಮೆಂಬರು. ದನ ಮಾರಿ ಎಷ್ಟೋ ಕಾಲವಾದವನೂ ಹಾಲಿನ ಸೊಸೈಟಿಗೆ ಮೆಂಬರು. ಗಂಡಸರಿಗೆ ಪಾರ್ಟಿ, ಯೂನಿಯನ್ನು, ಕ್ಲಬ್ಬು, ಹೆಂಗಸರಿಗೆ ಕುಟುಂಬಶ್ರೀಯ ಉಳಿತಾಯ ಗುಂಪು, ಎರಡರಲ್ಲೂ ಕೈಗೆ ಸಿಗದವರಿಗೆ ಭಜನಾ ಮಂಡಳಿ. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಷ್ಟ್ರು. ನಾನು ಯಾವ ಯಾವ ಸಮಿತಿಯಲ್ಲಿದ್ದೇನೆ ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ವಸುಮತಿ ಉತ್ತರ ಹೇಳುತ್ತಾಳೆ, ನನಗೆ ನೆನಪಿರುವುದಿಲ್ಲ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬುದನ್ನೂ ಕೊನೆಗೆ ಸೇರಿಸಿಯೇ ಹೇಳುತ್ತಾಳೆ.

ಇಂಥ ಊರಿನಲ್ಲಿ ಪಂಕಜಾಕ್ಷಿ ಯಾವುದಕ್ಕೂ ಮೆಂಬರಲ್ಲ.

ಬದಿಯಡ್ಕದಿಂದ ಬರುವ ಬಸ್ಸು ಹಿಂದೆ ತಿರುಗುವ ಜಾಗದಲ್ಲಿ ಇಳಿದು ಕೆಳಗೆ ನಡೆದರೆ ನಮ್ಮ ಪುಚ್ಚೆಮೂಲೆ. ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯಲ್ಲೇ ಅವರ ಹೆಂಚಿನ ಮನೆ, ಒಂದು ಬಾವಿ, ಅಲಸಂಡೆ ಬೆಂಡೆ ಹರಿವೆ ಬೆಳೆಯುವ ಸಣ್ಣ ಜಾಗ. ಬೆಳೆದದ್ದನ್ನು ಬುಟ್ಟಿಗೆ ಹಾಕಿ ಬಸ್ಸಿನಲ್ಲಿ ಬದಿಯಡ್ಕಕ್ಕೆ ಒಯ್ದು ತಾವೇ ಮಾರುತ್ತಾರೆ. ತರಕಾರಿ ಬೆಳೆಗಾರರ ಸಂಘದವರು ಮನೆಬಾಗಿಲಿಗೇ ಟೆಂಪೋ ಕಳಿಸುತ್ತೇವೆಂದರೂ ಬೇಡ ಅಂದವರು. ಊರಿನ ಮರಣ ಸಹಾಯ ನಿಧಿಗೆ ಸೇರಿಸಲು ನಾನೇ ಹೋಗಿದ್ದೆ. ಸತ್ತ ಮೇಲಾದರೂ ನನ್ನನ್ನು ನನ್ನಷ್ಟಕ್ಕೆ ಬಿಡಿ ಎಂದು ಚಾ ಕೊಟ್ಟು ಕಳಿಸಿದರು. ಮದುವೆಯಾಗಲಿಲ್ಲ. ಯಾಕೆಂದು ವಸುಮತಿ ಒಮ್ಮೆ ಕೇಳಿದ್ದಕ್ಕೆ, ಅದೂ ಇಬ್ಬರ ಕಮಿಟಿಯೇ ಅಲ್ಲವಾ, ಅಧ್ಯಕ್ಷ ಅವನಾಗುತ್ತಾನೆ, ಕೆಲಸ ನನಗೆ ಬರುತ್ತದೆ ಎಂದರಂತೆ. ಆ ಮಾತನ್ನು ವಸುಮತಿ ನನಗೆ ಎರಡೆರಡು ಸಲ ಹೇಳಿದ್ದು ಯಾಕೆಂದು ನಾನು ಕೇಳಲಿಲ್ಲ.

ಪಂಕಜಕ್ಕ ಹುಟ್ಟುವಾಗಲೇ ಹೀಗಿರಲಿಲ್ಲ. ಪ್ರಾಯದಲ್ಲಿ ಬೀಡಿ ಕಟ್ಟುವವರ ಒಂದು ಸಹಕಾರ ಸಂಘದಲ್ಲಿ ಇದ್ದರು, ಕೆಂಪು ಸೀರೆ ಉಟ್ಟು ಮೆರವಣಿಗೆಯಲ್ಲಿ ಮುಂದಿನ ಸಾಲಿನಲ್ಲಿ ನಡೆದವರು. ಅವರನ್ನು ಕೆಡಿಸಿದ್ದು ಒಂದು ಫ್ಯಾನು. ಬೀಡಿ ಕಟ್ಟುವ ಹಾಲಿನಲ್ಲಿ ಸೆಖೆ ಹೆಚ್ಚಾಯಿತೆಂದು ಎಲ್ಲರೂ ಸೇರಿ ಒಂದು ಟೇಬಲ್ ಫ್ಯಾನ್ ತಂದರು. ಎಲ್ಲರದ್ದಾದ ಫ್ಯಾನ್ ಯಾರ ಕಡೆ ಮುಖ ಮಾಡಬೇಕು? ಮೀಟಿಂಗ್ ಆಯಿತು. ತಿರುಗಿಸುತ್ತಾ ಇಡುವುದೆಂದು ತೀರ್ಮಾನವಾಯಿತು. ಅದು ಎಲ್ಲರ ಮುಖವನ್ನೂ ನೋಡಿತು, ಯಾರ ಬೆವರನ್ನೂ ಆರಿಸಲಿಲ್ಲ. ಜೊತೆಗೆ ಬೀಡಿಯ ಹೊಗೆಸೊಪ್ಪನ್ನು ಸಮಾನವಾಗಿ ಎಲ್ಲರ ಕಣ್ಣಿಗೂ ಹಾರಿಸಿತು. ಪುನಃ ಮೀಟಿಂಗ್. ಕೊನೆಗೆ ಯಾರಿಗೂ ಅನ್ಯಾಯವಾಗಬಾರದೆಂದು ಫ್ಯಾನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ಪಂಕಜಕ್ಕ ಮನೆಯಿಂದ ಅಡಿಕೆ ಹಾಳೆಯ ಬೀಸಣಿಗೆ ತಂದು ತಮ್ಮ ಪಾಡಿಗೆ ಬೀಸಿಕೊಂಡರು. ತಂದರೆ ಎಲ್ಲರೂ ತರಬೇಕು, ಇಲ್ಲದಿದ್ದರೆ ಯಾರೂ ತರಬಾರದು ಎಂದು ಒಬ್ಬರು ಎದ್ದು ನಿಂತು ಹೇಳಿದರು, ಅದನ್ನು ಅಜೆಂಡಾಕ್ಕೆ ಸೇರಿಸಿದರು. ಆ ಮೀಟಿಂಗ್ ನಡೆಯುವ ಮೊದಲೇ ಪಂಕಜಕ್ಕ ಬೀಸಣಿಗೆ ಬೀಸುತ್ತಾ ಮನೆಗೆ ನಡೆದರು. ಇನ್ನು ನಾನು ಯಾವುದಕ್ಕೂ ಮೆಂಬರಲ್ಲ ಎಂದು ತೋಡು ದಾಟುವಾಗ ಗಟ್ಟಿಯಾಗಿ ಹೇಳಿದರಂತೆ. ಕೇಳಿಸಿಕೊಂಡದ್ದು ಎಮ್ಮೆ ಮೀಯಿಸುತ್ತಿದ್ದ ಐತಪ್ಪಣ್ಣ ಒಬ್ಬರೇ. ಅಷ್ಟು ಸಾಕಿತ್ತು.

ಈ ಐತಪ್ಪಣ್ಣನ ಮನೆ ತೋಡಿನ ಆಚೆ ದಡದಲ್ಲಿ, ಪಂಕಜಕ್ಕನ ಮನೆಗೆ ನೇರ ಎದುರು. ನಮ್ಮ ಕಟ್ಟ ಸಮಿತಿಗೆ ಅವರೇ ಅಧ್ಯಕ್ಷರು. ನಾನು ಕಾರ್ಯದರ್ಶಿ.

ಕಟ್ಟ ಎಂದರೆ ಎಂತ ಎಂದು ಘಟ್ಟದ ಮೇಲಿನವರಿಗೆ ಹೇಳಬೇಕಾಗುತ್ತದೆ. ಮಳೆ ಮುಗಿದು ತೋಡು ಸಪೂರವಾಗುವ ಹೊತ್ತಿಗೆ, ಡಿಸೆಂಬರಿನಲ್ಲಿ, ಅದಕ್ಕೆ ಅಡ್ಡಲಾಗಿ ಕಲ್ಲು, ಅಡಿಕೆ ಮರದ ಸೀಳು, ಸೊಪ್ಪು, ಕೆಂಪು ಮಣ್ಣು ತುಂಬಿಸಿ ನೀರು ನಿಲ್ಲಿಸುತ್ತೇವೆ. ತೋಡಿನಲ್ಲಿ ನೀರು ನಿಂತರೆ ಎರಡೂ ಕಡೆಯ ಬಾವಿಗಳಲ್ಲಿ ನೀರು ಏರುತ್ತದೆ. ಕಡು ಬೇಸಗೆಯವರೆಗೂ ಚಿಂತೆಯಿಲ್ಲ. ಮಳೆಗಾಲಕ್ಕೆ ಮೊದಲು ಬಿಚ್ಚಿ ಕಲ್ಲುಗಳನ್ನು ದಡದಲ್ಲಿ ಪೇರಿಸಿಡುತ್ತೇವೆ. ಮನೆಗೊಬ್ಬರಂತೆ ಬಂದು ಕೆಲಸ ಮಾಡಬೇಕು, ಅಷ್ಟೇ ನಿಯಮ. ಕಟ್ಟ ಯಾರದ್ದೂ ಅಲ್ಲ, ಎಲ್ಲರದ್ದೂ ಹೌದು. ಈ ವಾಕ್ಯವನ್ನು ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ, ಅವರು ಪರೀಕ್ಷೆಯಲ್ಲಿ ಪ್ರತಿ ವರ್ಷ ಅದನ್ನು ತಪ್ಪಾಗಿ ಬರೆಯುತ್ತಾರೆ.

ಪಂಕಜಕ್ಕ ಕಟ್ಟದ ಕೆಲಸಕ್ಕೆ ಬರುತ್ತಿರಲಿಲ್ಲ. ಆದರೆ ನೀರಿಗೆ ಯಾರು ಮೆಂಬರು, ಯಾರು ಅಲ್ಲ ಎಂದು ಗೊತ್ತಿರುವುದಿಲ್ಲ. ಊರಿನ ಬಾವಿಗಳಲ್ಲೆಲ್ಲ ಮೊದಲು ಏರುತ್ತಿದ್ದದ್ದು ಅವರ ಬಾವಿಯೇ. ಒಂದು ದಿನ ಬಸ್ಸು ನಿಲ್ಲುವಲ್ಲಿ ಐತಪ್ಪಣ್ಣ ನಾಲ್ಕು ಜನರ ಎದುರು, ಕೆಲವರಿಗೆ ನಮ್ಮ ಕೈ ಬೇಡ, ನಮ್ಮ ನೀರು ಮಾತ್ರ ಬೇಕು ಎಂದುಬಿಟ್ಟರು. ಪಂಕಜಕ್ಕ ಬುಟ್ಟಿ ಇಳಿಸುತ್ತಾ ಇದ್ದರು. ತಿರುಗಿ ಒಂದೇ ಮಾತು ಹೇಳಿದರು, “ನಿಮ್ಮ ನೀರು ನನಗೆ ಬೇಡ ಐತಪ್ಪಣ್ಣ.”

ಬೇರೆ ಯಾರಾದರೂ ಆಗಿದ್ದರೆ ಅದು ಮಾತಾಗಿಯೇ ಉಳಿಯುತ್ತಿತ್ತು. ಪಂಕಜಕ್ಕನಿಗೆ ಆಡಿದ್ದು ಅಂದರೆ ಮಾಡಿದ್ದು. ಒಂದು ಪಂಚಾಯತ್ ಚುನಾವಣೆಯ ವರ್ಷ ಊರಿನವರೆಲ್ಲ ಡಿಸೆಂಬರಿಡೀ ಜೀಪಿನಲ್ಲಿ ಘೋಷಣೆ ಕೂಗುತ್ತಿದ್ದುದರಿಂದ ಕಟ್ಟ ಕಟ್ಟಿರಲಿಲ್ಲ. ಆ ವರ್ಷ ಯಾವ ತಿಂಗಳು ಬಾವಿಯ ಎಷ್ಟನೇ ಕಲ್ಲಿನ ತನಕ ನೀರಿತ್ತೆಂದು ಅವರಿಗೆ ನೆನಪಿತ್ತು. ಕೆಂಪು ಪೈಂಟಿನ ಡಬ್ಬಿ ಹಿಡಿದು ಬಾವಿಗೆ ಇಳಿದರು, ಒಳಗಿನ ಕಲ್ಲಿನ ಮೇಲೆ ತಿಂಗಳಿಗೊಂದು ಗೆರೆ ಎಳೆದರು. ಗೆರೆಯ ಕೆಳಗಿನದ್ದು ನನ್ನ ನೀರು, ಮೇಲಿನದ್ದು ಸಮಿತಿಯದ್ದು. ಬೆಳಿಗ್ಗೆ ಎದ್ದ ಕೂಡಲೇ ಮೋಟಾರು ಹಾಕಿ, ಆ ತಿಂಗಳ ಗೆರೆ ಕಾಣುವವರೆಗೆ ನೀರನ್ನು ಪೈಪಿನಲ್ಲಿ ತೋಡಿಗೆ ಬಿಡತೊಡಗಿದರು. ಬಿಟ್ಟ ನೀರು ಕಟ್ಟದಲ್ಲಿ ನಿಂತು, ಮಣ್ಣಿನಡಿಯಲ್ಲಿ ನಡೆದು, ಮರುದಿನ ಬೆಳಿಗ್ಗೆಗೆ ಪುನಃ ಅವರ ಬಾವಿಗೇ ಬರುತ್ತಿತ್ತು. ನಿಮ್ಮದನ್ನು ನಿಮಗೆ ಕೊಟ್ಟಾಯಿತು, ಅದು ಪುನಃ ಬಂದರೆ ಅದರ ತಪ್ಪು ಎಂದು ಅವರ ವಾದ.

ನಾವು ಮೊದಲು ನಕ್ಕೆವು. ಆಟೋ ಓಡಿಸುವ ಲತೀಶ ಮಾತ್ರ ಆಗಲೇ ಹೇಳಿದ್ದ, ನಗುವುದು ಬೇಡ ಮಾಷ್ಟ್ರೇ, ಅವರು ಏಪ್ರಿಲಿನ ಗೆರೆಯನ್ನೂ ಎಳೆದಿದ್ದಾರೆ ಎಂದು. ಏಪ್ರಿಲಿನ ಗೆರೆ ತಳದ ಹತ್ತಿರ ಇತ್ತು. ಮಾರ್ಚ್ ಕಳೆಯುವಾಗ ಊರಿಡೀ ಹಸುರು. ಪಂಕಜಕ್ಕನ ಅಲಸಂಡೆ ಚಪ್ಪರ ಮಾತ್ರ ತಲೆ ಕೆಳಗೆ ಹಾಕಿತ್ತು. ಬಾವಿ ತುಂಬಾ ನೀರು ಬರುತ್ತದೆ, ಅವರು ಅದನ್ನು ಹೊರಗೆ ಬಿಡುತ್ತಾರೆ, ಉಳಿದ ನಾಲ್ಕು ಕೊಡದಲ್ಲಿ ಅಡುಗೆ, ಸ್ನಾನ, ಗಿಡ ಎಲ್ಲ ಆಗಬೇಕು. ಒಣಗಿದ ಬಳ್ಳಿ ಕಿತ್ತು ಬದಿಗೆ ಎಸೆಯುವಾಗ ಅವರ ಮುಖ ನೋಡಿದವರು ಯಾರೂ ನಗಲಿಲ್ಲ. ನನಗೆ ಸಿಟ್ಟು ಬಂತು, ಗೌರವವೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಎಂತ ಮಾಡಬೇಕೆಂದು ನಮ್ಮ ಪಾಠಪುಸ್ತಕದಲ್ಲಿ ಇಲ್ಲ. ಹೀಗೇ ಕೆಲವು ವರ್ಷ ನಡೆಯಿತು. ಐತಪ್ಪಣ್ಣ ಆಚೆ ದಡದಲ್ಲಿ ಕುಳಿತು ದಿನಾ ಬೆಳಿಗ್ಗೆ ಆ ಪೈಪನ್ನು ನೋಡುತ್ತಿದ್ದರು. ಚಾ ಆರಿದ ಮೇಲೆ ಕುಡಿಯುತ್ತಿದ್ದರು ಎಂದು ಅವರ ಸೊಸೆ ಪೂಜಾಶ್ರೀ ಹೇಳಿದ್ದು.

ಕಳೆದ ಮಳೆಗಾಲದಲ್ಲಿ ತೋಡು ಹಳೆಯ ಕಟ್ಟದ ಜಾಗವನ್ನೇ ಕೊರೆದುಕೊಂಡು ಹೋಯಿತು. ದಡವಿದ್ದಲ್ಲಿ ಗುಂಡಿ. ಮಳೆ ಬಿಟ್ಟ ಮೇಲೆ ಸಮಿತಿಯವರೆಲ್ಲ ಮೇಲಿಂದ ಕೆಳಗೆ ನಡೆದು ನೋಡಿದೆವು. ಕಟ್ಟ ಕೂರುವಂಥ ಗಟ್ಟಿ ಜಾಗ ಒಂದೇ ಇತ್ತು: ಆ ಕಡೆ ಐತಪ್ಪಣ್ಣನ ದಡ, ಈ ಕಡೆ ಪಂಕಜಕ್ಕನ ಜಾಗದೊಳಗಿನ ಕರಿ ಬಂಡೆ. ಎಲ್ಲರೂ ಬಂಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕಾರ್ಯದರ್ಶಿ ಎಂದರೆ ಇಂಥ ಹೊತ್ತಿಗೆ ಇರುವವನು.

ಲತೀಶನನ್ನು ಜೊತೆಗೆ ಕರೆದುಕೊಂಡು ಹೋದೆ. ಪಂಕಜಕ್ಕ ಅಲಸಂಡೆ ಬೀಜ ಬಿಸಿಲಿಗೆ ಹಾಕುತ್ತಿದ್ದರು. ನಾನು ತುಂಬಾ ಹೊತ್ತು ಮಾತಾಡಿದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದೆ. ಹೌದು, ಆ ಒಬ್ಬಳು ನಾನೇ ಆಗಿದ್ದೆ, ಬೀಡಿ ಹಾಲಿನಲ್ಲಿ ಎಂದರು. ಕಟ್ಟ ಆಗದಿದ್ದರೆ ಎಲ್ಲರ ಬಾವಿಯೂ ಬತ್ತುತ್ತದೆ ಎಂದೆ. ನನ್ನದು ಪ್ರತಿ ವರ್ಷ ಬತ್ತುತ್ತದೆ, ಸಾಯಲಿಲ್ಲ ಎಂದರು. ನಿಮ್ಮ ಒಪ್ಪಿಗೆ ಪಂಚಾಯತಿಗೆ ತಿಳಿಸಿದರೆ ನಿಮ್ಮ ಹೆಸರನ್ನು ಗುಣಭೋಕ್ತೃ ಸಮಿತಿಗೆ ಸೇರಿಸುತ್ತಾರೆ ಎಂದು ಲತೀಶ ಬಾಯಿ ತಪ್ಪಿ ಹೇಳಿಬಿಟ್ಟ. ನಮ್ಮ ಸರಕಾರಿ ಭಾಷೆಯಲ್ಲಿ ಲಾಭ ಪಡೆಯುವವರನ್ನು ಹಾಗೆ ಕರೆಯುತ್ತಾರೆ. ಆ ಶಬ್ದ ಕೇಳಿ ಪಂಕಜಕ್ಕ ಬೀಜದ ಮೊರವನ್ನು ಕೆಳಗಿಟ್ಟರು.

“ನಾನು ಯಾರ ಗುಣಭೋಕ್ತೃವೂ ಅಲ್ಲ ಮಾಷ್ಟ್ರೇ. ಸಮಿತಿಗೆ ನನ್ನ ಬಂಡೆ ಕೊಡುವುದಿಲ್ಲ. ಕೊಟ್ಟರೆ ಅದೂ ಎಲ್ಲರದ್ದಾಗ್ತದೆ, ಮತ್ತೆ ಅದನ್ನೂ ಕಪಾಟಿಗೆ ಹಾಕ್ತೀರಿ.” ಬಂಡೆಯ ಕಡೆ ಕೈ ತೋರಿಸಿ ಸೇರಿಸಿದರು, “ಕಟ್ಟ ನಾನೇ ಕಟ್ತೇನೆ. ನನ್ನ ಬಂಡೆ, ನನ್ನ ಕಟ್ಟ. ಆಗ ನೀರು ಯಾರದ್ದು ಅಂತ ಯಾರೂ ಹೇಳ್ಲಿಕ್ಕೆ ಬರುವುದಿಲ್ಲ. ಮನುಷ್ಯರು ಬಂದ್ರೆ ಬರಲಿ. ಸಮಿತಿ ಬರುವುದು ಬೇಡ.”

ವಾಪಸ್ಸು ಬರುವಾಗ ಲತೀಶ ಆಟೋ ನಿಲ್ಲಿಸಿ ಯೋಚಿಸಿದ. ಅವ ಯೋಚಿಸಬೇಕಾದರೆ ಆಟೋ ನಿಲ್ಲಬೇಕು. ಅವರು ಬೇಡ ಅಂದದ್ದು ಸಮಿತಿಯನ್ನು, ಜನರನ್ನಲ್ಲ, ಹಾಗಾದರೆ ಸಮಿತಿ ಇಲ್ಲದಿದ್ದರೆ ಆಯಿತಲ್ಲ ಎಂದ. ನಾನು ಅಷ್ಟು ವರ್ಷ ಪ್ರಜಾಪ್ರಭುತ್ವ ಕಲಿಸಿದವನು. ನನಗೆ ಅದು ಹೊಳೆದಿರಲಿಲ್ಲ. ಹೊಳೆಯದ್ದರ ಸಿಟ್ಟನ್ನು ಆಟೋದ ಸೀಟಿನ ಮೇಲೆ ತೀರಿಸಿಕೊಂಡೆ, ಅದು ಮೊದಲೇ ಹರಿದಿತ್ತು ಅಂದೆ.

ಶನಿವಾರ ವಾಚನಾಲಯದಲ್ಲಿ ಮೀಟಿಂಗ್ ಕರೆದೆವು. ವಿಷಯ ಒಂದೇ: ಎಲ್ಲರೂ ರಾಜೀನಾಮೆ ಕೊಡುವುದು. ಪುಚ್ಚೆಮೂಲೆಯ ಚರಿತ್ರೆಯಲ್ಲಿ ಇಷ್ಟು ಜನ ಸೇರಿದ ಮೀಟಿಂಗ್ ಬೇರೆ ನಡೆದಿಲ್ಲ. ಕೆಲಸ ಇಲ್ಲ, ಬಿಡುವುದು ಮಾತ್ರ ಎಂದಾಗ ನಮ್ಮವರ ಉತ್ಸಾಹ ಬೇರೆಯೇ. ಒಬ್ಬೊಬ್ಬರೇ ಎದ್ದು ಇನ್ನು ನಾನು ಸ್ವತಂತ್ರ ಎಂದು ಹೇಳಿ ಕುಳಿತರು. ಕೆಲವರು ಚಿಕ್ಕ ಭಾಷಣವನ್ನೂ ಮಾಡಿದರು. ಎಲ್ಲರ ರಾಜೀನಾಮೆಯನ್ನೂ ಕಾರ್ಯದರ್ಶಿಯಾಗಿ ನಾನು ಸ್ವೀಕರಿಸಿದೆ. ಆಮೇಲೆ ನನ್ನದನ್ನು ಸ್ವೀಕರಿಸಲು ಅಧ್ಯಕ್ಷರು ಒಪ್ಪಲಿಲ್ಲ, ಬೇರೆ ಯಾರೂ ಉಳಿದಿರಲಿಲ್ಲ. ಈ ತೊಡಕಿನ ಮೇಲೆ ಚರ್ಚೆ ಶುರುವಾಗಿ, ಅದನ್ನು ಪರಿಶೀಲಿಸಲು ಒಂದು ಉಪಸಮಿತಿ ಮಾಡುವ ಎಂದು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನಾದ ವಿಜೇತ್ ಹೇಳಿದ. ಎಲ್ಲರೂ ಸೇರಿ ಅವನನ್ನು ಕುಳ್ಳಿರಿಸಿದರು.

ರಾಜೀನಾಮೆ ಕೊಡದೆ ಕುಳಿತವರು ಐತಪ್ಪಣ್ಣ. ಅವರು ಅಧ್ಯಕ್ಷರಾಗಿ ಎಷ್ಟು ಕಾಲವಾಯಿತೆಂದರೆ ಅವರಿಗೆ ಆ ಕೆಲಸದ ಮೊದಲಿನ ದಿನಗಳು ನೆನಪಿಲ್ಲ. ಕಲ್ಲು ಯಾವುದು ಎಲ್ಲಿ ಕೂರಬೇಕು ಎಂದು ದಡದಲ್ಲಿ ನಿಂತು ಕೂಗುವುದು ಅವರಿಗೆ ವರ್ಷದ ಹಬ್ಬ. ಯಾರದ್ದೋ ಹಟಕ್ಕೆ ನಾವು ನಮ್ಮನ್ನೇ ಇಲ್ಲ ಮಾಡಿಕೊಳ್ಳುವುದಾ ಎಂದು ಕೇಳಿದರು. ಕೊನೆಗೆ ಎದ್ದು ನಿಂತು, ಶಾಲನ್ನು ಕೊಡವಿ ಹೆಗಲಿಗೆ ಹಾಕಿ, ಆಯ್ತು, ನಾನೂ ಬಿಟ್ಟೆ ಎಂದು ಹೊರಟುಹೋದರು. ಹಿಂದಿನಿಂದ ನೋಡುವಾಗ ಅವರಿಗೆ ಎಷ್ಟು ವಯಸ್ಸಾಗಿದೆ ಎಂದು ನನಗೆ ಮೊದಲ ಸಲ ಕಂಡಿತು, ಪಾಪ ಅನ್ನಿಸಿತು.

ಮರುದಿನ ಬೆಳಿಗ್ಗೆ ಪಂಕಜಕ್ಕ ಸೀರೆ ಎತ್ತಿ ಕಟ್ಟಿ ಒಬ್ಬರೇ ತೋಡಿಗಿಳಿದು ಕಲ್ಲು ಇಡತೊಡಗಿದರು. ಮಾಜಿ ಸದಸ್ಯರು ಒಬ್ಬೊಬ್ಬರೇ ಬಂದರು. ಸಂಘಟಿತವಾಗಿ ಬಂದ ಹಾಗೆ ಕಾಣಬಾರದಲ್ಲ, ಹಾಗಾಗಿ ಎಲ್ಲರಿಗೂ ಬೇರೆ ಬೇರೆ ಕಾರಣ. ಒಬ್ಬ ಮೀನು ಉಂಟೋ ನೋಡಲು ಬಂದ, ಕೈಯಲ್ಲಿ ಗಾಳ ಇರಲಿಲ್ಲ, ಹಾರೆ ಇತ್ತು. ಲತೀಶ ಆಟೋ ತೊಳೆಯಲು ಬಂದ, ಆಟೋ ಮೇಲೆ ರಸ್ತೆಯಲ್ಲೇ ಇತ್ತು. ವಿಜೇತ್ ಕಳೆದುಹೋದ ಚಪ್ಪಲಿ ಹುಡುಕುತ್ತಾ ಮಣ್ಣಿನ ಬುಟ್ಟಿ ಹೊತ್ತುಕೊಂಡು ಬಂದ. ಪಂಕಜಕ್ಕ ಪ್ರತಿಯೊಬ್ಬರನ್ನೂ ತಡೆದು, ನೀನು ಯಾರ ಕಡೆಯಿಂದ ಎಂದು ಕೇಳಿದರು. ನನ್ನ ಕಡೆಯಿಂದಲೇ ಎಂದವರನ್ನು ನೀರಿಗಿಳಿಸಿದರು. ನಾನು ಅಭ್ಯಾಸಬಲದಿಂದ, ಎಲ್ಲರ ಪರವಾಗಿ ಎಂದು ಶುರುಮಾಡಿದೆ. ನನ್ನನ್ನು ಸ್ವಲ್ಪ ಹೊತ್ತು ದಡದಲ್ಲಿ ನಿಲ್ಲಿಸಿದರು.

ಮಧ್ಯಾಹ್ನದೊಳಗೆ ಊರಿಡೀ ಅಲ್ಲಿತ್ತು. ಯಾವ ಸಮಿತಿ ಕರೆದರೂ ಬಾರದವರು ಸ್ವತಂತ್ರರಾಗಿ ಬಂದರು. ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ಹೋಯಿತು. ಹೊಟ್ಟೆಗೆ ಪಂಕಜಕ್ಕನೇ ದೊಡ್ಡ ಪಾತ್ರೆಯಲ್ಲಿ ಸಜ್ಜಿಗೆ, ಅವಲಕ್ಕಿ ಮಾಡಿಟ್ಟಿದ್ದರು. ಕಟ್ಟ ನನ್ನದು, ಬಂದವರೆಲ್ಲ ನೆಂಟರು ಎಂದರು. ನೆಂಟರಿಗೆ ಅವರು ಹಾಕಿದಷ್ಟು ಬೈಗುಳ ಐತಪ್ಪಣ್ಣನೂ ಹಿಂದೆ ಸದಸ್ಯರಿಗೆ ಹಾಕಿರಲಿಲ್ಲ.

ಐತಪ್ಪಣ್ಣ ಆಚೆ ದಡದಲ್ಲಿ ಕೈ ಕಟ್ಟಿ ನಿಂತಿದ್ದರು. ಕಟ್ಟ ಈ ಕಡೆಯಿಂದ ಬೆಳೆಯುತ್ತಾ ಅವರ ಕಾಲಬುಡಕ್ಕೆ ತಲುಪಿತು. ಅಲ್ಲಿ ವಿಜೇತ್ ಒಂದು ಕಲ್ಲನ್ನು ಅಡ್ಡಾದಿಡ್ಡಿ ಇಟ್ಟ. ಐತಪ್ಪಣ್ಣ ನೋಡಿದರು. ಆಕಾಶ ನೋಡಿದರು. ಪುನಃ ಕಲ್ಲು ನೋಡಿದರು. ತಡೆಯಲಾಗದೆ ಇಳಿದು ಬಂದು, ಆ ಕಲ್ಲನ್ನು ಕಿತ್ತು ತಿರುಗಿಸಿ ಕೂರಿಸಿದರು. ನಾನು ಯಾರಿಗೂ ಸಹಾಯ ಮಾಡುವುದಲ್ಲ, ನನ್ನ ದಡ ನಾನು ನೋಡಿಕೊಳ್ಳುವುದು ಎಂದು ಯಾರೂ ಕೇಳದೆಯೇ ಹೇಳಿದರು. ಸಂಜೆಯವರೆಗೆ ತಮ್ಮ ದಡ ನೋಡಿಕೊಂಡರು. ಅವರು ನೋಡಿಕೊಂಡದ್ದು ಅರ್ಧ ಕಟ್ಟ ಆಗಿತ್ತು.

ನೀರು ನಿಂತಿತು. ಪಂಕಜಕ್ಕನ ಬಾವಿ ಕೆಂಪು ಗೆರೆಗಳನ್ನೆಲ್ಲ ದಾಟಿ ಏರಿತು. ಬೆಳಿಗ್ಗೆಯ ಮೋಟಾರಿನ ಸದ್ದು ನಿಂತಿತು. ಈಗ ಮೇಲಿನ ನೀರೂ ಅವರದ್ದೇ, ಕೊಡಲಿಕ್ಕೆ ಯಾರಿಗೂ ಏನೂ ಇಲ್ಲ. ಈ ಸಲ ಅವರ ಅಲಸಂಡೆ ಚಪ್ಪರ ಬಾಗುವಷ್ಟು ಬಿಟ್ಟಿತು. ಯಾರೂ ಕೇಳದಿದ್ದರೂ ನಮ್ಮ ಮನೆಗೊಂದು ಕಟ್ಟು ತಂದುಕೊಟ್ಟರು, ನನ್ನ ಕಟ್ಟದ ನೀರು ಕುಡಿದು ಬೆಳೆದದ್ದು ಎಂದು ನಗುತ್ತಾ ಹೇಳಿದರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಪುನಃ ಮೋಟಾರಿನ ಸದ್ದು ಕೇಳಿಸಿತು. ನಾನು ಹಲ್ಲುಜ್ಜುತ್ತಾ ತೋಡಿನ ಬದಿಗೆ ಬಂದೆ. ಪಂಕಜಕ್ಕ ತಮ್ಮ ಅಂಗಳದಲ್ಲಿ ನಿಂತು ಆಚೆ ನೋಡುತ್ತಿದ್ದರು. ಸದ್ದು ಆಚೆಯಿಂದ ಬರುತ್ತಿತ್ತು. ಐತಪ್ಪಣ್ಣನ ಬಾವಿಯಿಂದ ಒಂದು ಪೈಪು ದಡದವರೆಗೆ ಬಂದಿತ್ತು, ಒಳ್ಳೆಯ ತಿಳಿನೀರು ದಬದಬನೆ ತೋಡಿಗೆ ಬೀಳುತ್ತಿತ್ತು.

ಪಂಕಜಕ್ಕ ಕಟ್ಟದ ಮೇಲೆಯೇ ನಡೆದು ಆಚೆ ಹೋದರು. ಏನು ನಡೆಯುತ್ತದೋ ಎಂದು ನಾನೂ ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಹಿಂದೆ ಹೋದೆ. ಐತಪ್ಪಣ್ಣ ಬಾವಿಕಟ್ಟೆಯಲ್ಲಿ ಕುಳಿತಿದ್ದರು. ಪಂಕಜಕ್ಕ ಬಾವಿಗೆ ಬಗ್ಗಿದರು, ನಾನೂ ಬಗ್ಗಿದೆ. ಒಳಗೆ ಕಲ್ಲಿನ ಮೇಲೆ ನೀಲಿ ಪೈಂಟಿನ ಗೆರೆಗಳು. ಒಂದೂ ನೇರವಾಗಿರಲಿಲ್ಲ.

“ಇದೆಂತ ಐತಪ್ಪಣ್ಣ?”

“ಗೆರೆ. ಕೆಳಗಿನದ್ದು ನನ್ನದು. ಮೇಲಿನದ್ದು ನಿನ್ನ ಕಟ್ಟದ್ದು.” ಅವರು ತೋಡಿನ ಕಡೆ ನೋಡುತ್ತಲೇ ಹೇಳಿದರು. “ನಿನ್ನ ನೀರು ನನಗೆ ಬೇಡ ಪಂಕಜ.”

ಪಂಕಜಕ್ಕ ಬಾವಿಕಟ್ಟೆ ಹಿಡಿದು ಕಟ್ಟದ ಕಡೆ ತಿರುಗಿದರು. ತಮ್ಮದೇ ಮಾತು ಇನ್ನೊಬ್ಬರ ಬಾಯಿಯಿಂದ ಬಂದು ಎದೆಗೆ ಬಡಿದಿತ್ತು. ತಮ್ಮ ದಡದಲ್ಲಿ ಅವರು ಅಷ್ಟು ಹೆಮ್ಮೆಯಿಂದ ಕಟ್ಟಿ, ಸಜ್ಜಿಗೆ ಮಾಡಿ ಹಾಕಿ, ಊರಿಗೆಲ್ಲ ನಿಲ್ಲಿಸಿದ ನೀರು. ಇಲ್ಲಿ ಒಬ್ಬರು ಬೇಡ ಎಂದು ಚೆಲ್ಲುತ್ತಿದ್ದರು. ಪೂಜಾಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹಿತ್ತಿಲಿನ ಬಸಳೆಯೆಲ್ಲ ಬಾಡೀತು, ಮಾವನಿಗೆ ಹೇಳಿ ಹೇಳಿ ಸಾಕಾಯಿತು ಎಂದು ನನಗೆ ಸನ್ನೆಯಲ್ಲೇ ತೋರಿಸಿದಳು.

ಪಂಕಜಕ್ಕ ಸಣ್ಣ ದನಿಯಲ್ಲಿ ಕೇಳಿದರು, “ಇಷ್ಟು ವರ್ಷ ನಿಮಗೆ ಹೀಗೆ ಆಗ್ತಾ ಇತ್ತಾ ಐತಪ್ಪಣ್ಣ?”

“ಹೀಗೆ ಅಲ್ಲ,” ಎಂದರು ಐತಪ್ಪಣ್ಣ. “ನಿನ್ನ ಪೈಪು ನನ್ನದಕ್ಕಿಂತ ದೊಡ್ಡದು.”

ನಗಬೇಕೆಂದು ನನಗೆ ಅನ್ನಿಸಿತು, ಆಗಲಿಲ್ಲ. ಬಾಯಿ ತುಂಬಾ ನೊರೆ ಇತ್ತು. ಪಂಕಜಕ್ಕ ನೇರ ನಡೆದು, ಜಗಲಿಯ ಗೋಡೆಯಲ್ಲಿದ್ದ ಸ್ವಿಚ್ಚನ್ನು ಆರಿಸಿದರು. ಇನ್ನೊಬ್ಬರ ಮನೆಯ ಸ್ವಿಚ್ಚು. ಮೋಟಾರು ಒಮ್ಮೆ ಗೊರಗುಟ್ಟಿ ನಿಂತಿತು. ಐತಪ್ಪಣ್ಣ ನನ್ನ ಮನೆಯಲ್ಲಿ ನಿನಗೆಂತ ಅಧಿಕಾರ ಎಂದು ಕೇಳುತ್ತಾರೆಂದು ನಾನು ಕಾದೆ. ಅವರು ಕೇಳಲಿಲ್ಲ.

ಪಂಕಜಕ್ಕ ಬಾವಿಕಟ್ಟೆಗೆ ವಾಪಸ್ಸು ಬಂದು ಐತಪ್ಪಣ್ಣನಿಂದ ಸ್ವಲ್ಪ ದೂರ ಬಿಟ್ಟು ಕುಳಿತರು. ಕುಡಿಯಲು ನೀರು ಕೊಡು ಎಂದು ಪೂಜಾಶ್ರೀಗೆ ಹೇಳಿದರು. ಎದುರುಬದುರು ಮನೆ, ಆದರೂ ಅವರು ಆ ಮನೆಯಲ್ಲಿ ಒಂದು ಲೋಟ ನೀರು ಕೇಳಿದ್ದನ್ನು ಯಾರೂ ಕಂಡಿರಲಿಲ್ಲ. ಪೂಜಾಶ್ರೀ ಫಿಲ್ಟರಿನ ನೀರು ತರಲು ಹೊರಟಳು. ಬೇಡ, ಇದರದ್ದೇ ಎಂದು ಪಂಕಜಕ್ಕ ಬಾವಿಯನ್ನು ತೋರಿಸಿದರು. ಅವಳು ಕೊಡ ಇಳಿಸಿ ಸೇದಿ ಲೋಟ ತುಂಬಿಸಿ ಕೊಟ್ಟಳು. ಕೊಡ ಮುಳುಗಿದ್ದು ನೀಲಿ ಗೆರೆಯಿಂದ ಮೇಲೆ.

ಪಂಕಜಕ್ಕ ಲೋಟ ಎತ್ತಿ ಅರ್ಧ ಕುಡಿದರು. ಐತಪ್ಪಣ್ಣ ಅಷ್ಟರವರೆಗೆ ತಡೆದುಕೊಂಡಿದ್ದರು. ಇಷ್ಟು ವರ್ಷದ ಪ್ರಶ್ನೆ, ಬಿಡಲು ಮನಸ್ಸಾಗಲಿಲ್ಲ.

“ಈಗ ನೀನು ಕುಡಿದದ್ದು ಯಾರ ನೀರು ಮಾರಾಯ್ತಿ?”

ಪಂಕಜಕ್ಕ ಉಳಿದರ್ಧವನ್ನೂ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. “ಯಾರದ್ದೋ ಗೊತ್ತಿಲ್ಲ ಐತಪ್ಪಣ್ಣ. ಬಾಯಾರಿಕೆ ನನ್ನದು.”

ಐತಪ್ಪಣ್ಣ ತಮಗೂ ಒಂದು ಲೋಟ ತರಲು ಸೊಸೆಗೆ ಹೇಳಿದರು.